ಹಲಗೆಗೆ ಕಟ್ಟಿದ ಗೆಜ್ಜೆ

ಚಂದವ್ವನನ್ನು ಶಾಲೆಗೆ ಕಳಿಸುವುದೆಂದರೆ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಯುದ್ಧ. ನನ್ನ ಅಣ್ಣ ಕಳಕಪ್ಪನ ಮಗಳು, ಆರು ವರ್ಷದ ಕೂಸು, ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದಳೆಂದರೆ ಬಿಡಿಸಲು ನನಗೂ ಆಗುತ್ತಿರಲಿಲ್ಲ, ಅಣ್ಣನಿಗೂ ಆಗುತ್ತಿರಲಿಲ್ಲ. "ಎರಡು ಕೊಟ್ರ ತಾನಾ ಹೋಗ್ತಾಳ" ಎಂದು ನಾನು ಕೈ ಎತ್ತುತ್ತಿದ್ದೆ. ಎತ್ತಿದ ಕೈ ಹಾಗೆಯೇ ಇಳಿಯುತ್ತಿತ್ತು.

ಕಾರಣ ಎಲ್ಲರಿಗೂ ಗೊತ್ತಿತ್ತು. ಹಿಂದಿನ ವರ್ಷ, ಎಪ್ಪತ್ತೇಳರಲ್ಲಿ, ಅವಳ ತಾಯಿಯ ಹೆರಿಗೆ ಹತ್ತಿರ ಬಂದಾಗ ಅವಳನ್ನು ಕಮತಗಿಗೆ, ಸೋದರಮಾವನ ಮನೆಗೆ ಕಳಿಸಿದ್ದೆವು. ಹುಡುಗಿ ನಗುನಗುತ್ತಲೇ ಬಸ್ಸು ಹತ್ತಿದ್ದಳು. ತಿರುಗಿ ಬಂದಾಗ ತಾಯಿಯೂ ಇರಲಿಲ್ಲ, ಬರಬೇಕಿದ್ದ ತಮ್ಮನೂ ಇರಲಿಲ್ಲ. ತಾನು ಹೊಸ್ತಿಲು ದಾಟಿದರೆ ಮನೆಯಲ್ಲಿ ಯಾರಾದರೂ ಇಲ್ಲವಾಗುತ್ತಾರೆ ಎಂದು ಆ ಕೂಸು ತಿಳಿದುಕೊಂಡಿತ್ತು. ಈಗ ಅವಳ ಜೀವವೆಲ್ಲ ಆಯಿಯ ಮೇಲೆ, ಅಂದರೆ ನನ್ನ ಅವ್ವ ಲಕ್ಕವ್ವನ ಮೇಲೆ.

ದಾರಿ ಹುಡುಕಿದವಳೂ ಅವ್ವನೇ. ಶಾಲೆ ನಮ್ಮ ಓಣಿಯ ಹಿಂದೆಯೇ ಇತ್ತು. ಇಳಕಲ್ಲಿನ ಆ ಓಣಿಯಲ್ಲಿ ಮನೆಗೊಂದು ಮಗ್ಗ, ಹಗಲೆಲ್ಲ ಸಪ್ಪಳ. ಅದರಲ್ಲಿ ನಮ್ಮದು ಯಾವುದೆಂದು ತಿಳಿಯಲಿ ಎಂದು ಅವ್ವ ನೂಲು ಬಡಿಯುವ ಹಲಗೆಗೆ ಎತ್ತಿನ ಕೊರಳ ಗೆಜ್ಜೆಯೊಂದನ್ನು ಕಟ್ಟಿದಳು.

"ಗೆಜ್ಜಿ ಕೇಳ್ತು ಅಂದ್ರ ನಾ ಇಲ್ಲೇ ಅದೇನಿ," ಎಂದಳು.

"ನಿಂದ್ರಬಾರ್ದು ಮತ್ತ," ಎಂದಳು ಚಂದವ್ವ.

"ನಿಂದ್ರಂಗಿಲ್ಲ."

ಹೋದಳು, ಹಿಂದೆ ಹಿಂದೆ ನೋಡುತ್ತ. ಹುಡುಗಿಯ ಕಿವಿಯೆಲ್ಲ ಓಣಿಯ ಕಡೆಗೇ ಇರುತ್ತದೆ, ಪಾಟಿಯ ಮೇಲೆ ಒಂದಕ್ಷರವಿಲ್ಲ ಎಂದು ಮಾಸ್ತರರು ದೂರಿದರು. ಕೂತಿದ್ದಾಳಲ್ಲ, ಅದೇ ದೊಡ್ಡದು ಎಂದುಕೊಂಡೆ. ಆದರೆ ಅವ್ವನ ಪಾಡು ಕೇಳಬೇಡಿ. ಮಧ್ಯಾಹ್ನ ಉಂಡು ಒಂದು ಗಳಿಗೆ ಅಡ್ಡಾಗುತ್ತಿದ್ದವಳು ಅದನ್ನೂ ಬಿಟ್ಟಳು. ಬಲಗೈಯಲ್ಲಿ ರೊಟ್ಟಿ, ಎಡಗೈ ಹಲಗೆಯ ಮೇಲೆ. ಬೆನ್ನಿಗೆ ಎಣ್ಣೆ ತಿಕ್ಕುತ್ತ ನಾನು ಬೈದರೆ, "ಮಾತು ಕೊಟ್ಟೇನಿ," ಅನ್ನುತ್ತಿದ್ದಳು.

ಹೀಗಿರುವಾಗ ಅಮಾವಾಸ್ಯೆ ಬಂತು. ಅಂದು ನಮ್ಮ ಓಣಿಯಲ್ಲಿ ಯಾರೂ ನೇಯುವುದಿಲ್ಲ. ಮಗ್ಗ ಒರೆಸಿ, ಪೂಜೆ ಮಾಡಿ, ಕೈಮುಗಿದು ಬಿಡುತ್ತಾರೆ. ಶಾಲೆಗೆ ಆ ರಜೆ ಇಲ್ಲ. ಚಂದವ್ವ ಹೊರಡುವಾಗ ಅವ್ವ ಮಗ್ಗ ಒರೆಸುತ್ತಿದ್ದಳು. ಇನ್ನೇನು ನೇಯಲು ಕೂಡುತ್ತಾಳೆಂದು ಹುಡುಗಿ ನಂಬಿ ಹೋದಳು. ಹುಟ್ಟಿದಾಗಿನಿಂದ ಕಂಡ ರೂಢಿ ನೋಡಿ, ಓಣಿಗೆ ಓಣಿಯೇ ಸುಮ್ಮನಾಗಿದ್ದರೂ ಕೊಟ್ಟ ಮಾತು ನಮ್ಮ ಯಾರಿಗೂ ನೆನಪಾಗಲಿಲ್ಲ. ನಾನು ಕಡುಬಿಗೆ ಹೂರಣ ರುಬ್ಬುತ್ತ ಕೂತೆ.

ಹಿತ್ತಲಲ್ಲಿ ಓಡಿಬಂದ ಹೆಜ್ಜೆ ಕೇಳಿ ತಲೆ ಎತ್ತಿದೆ. ಚಂದವ್ವ. ಪಾಟಿಚೀಲವಿಲ್ಲ, ಮುಖದಲ್ಲಿ ರಕ್ತವಿಲ್ಲ. ಹೊಸ್ತಿಲ ಹೊರಗೇ ನಿಂತುಬಿಟ್ಟಳು. ಒಳಗೆ ಬಂದು ನೋಡುವ ಧೈರ್ಯವಿರಲಿಲ್ಲ.

"ಆಯಿ ಅದಾಳೇನು, ಅತ್ತಿ?"

ಮಗ್ಗಕ್ಕೆ ಕುಂಕುಮ ಹಚ್ಚುತ್ತಿದ್ದ ಅವ್ವ ಎದ್ದು ಬಂದು ಅವಳನ್ನು ಬಾಚಿ ಎತ್ತಿಕೊಂಡಳು.

"ಅಮಾಸಿ ಐತವ್ವ, ಹೇಳೂದು ಮರತೆ. ಇನ್ನ ಮ್ಯಾಲೆ ಅಮಾಸಿಗೂ ನೇಯ್ತೇನಿ. ದೇವರಿಗೆ ನಾ ಬ್ಯಾರೆ ಹೇಳ್ಕೋತೇನಿ."

ಜೀವಮಾನದಲ್ಲಿ ಅಮಾವಾಸ್ಯೆ ದಿನ ಲಾಳಿ ಮುಟ್ಟದವಳು ಆಡಿದ ಮಾತು ಅದು. ಚಂದವ್ವ ಆಯಿಯ ಮುಖ ನೋಡಿದಳು, ಸುಮ್ಮನಿದ್ದ ಮಗ್ಗ ನೋಡಿದಳು, ಮತ್ತೆ ಮುಖ ನೋಡಿದಳು.

ಮರುದಿನ ಯಾರೂ ಕರೆಯುವ ಮೊದಲೇ, ಮಾಸ್ತರರು ಕಳಿಸಿದ್ದ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

"ಆಯಿ, ಉಂಡ ಮ್ಯಾಲೆ ಮಕ್ಕೋ," ಎಂದಳು.

"ಗೆಜ್ಜಿ ನಿಂದ್ರತೈತಲ್ಲ?"

"ನಿಂದ್ರಲಿ. ನಿನ್ನಿ ನಿಂತಿತ್ತು, ನೀ ಇದ್ದಿ."

ಚೌಕಟ್ಟು ಮುಟ್ಟದೆ ಇಳಿದು ಹೋದಳು.

ಅಂದು ಮಧ್ಯಾಹ್ನ ನಾನು ಕಟ್ಟೆಯ ಮೇಲೆ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತಿದ್ದೆ. ಒಳಗೆ ಗೆಜ್ಜೆ ನಿಂತಿತು. ಬೆಳಗಿನ ಮಾತು ಇನ್ನೂ ಕಿವಿಯಲ್ಲಿತ್ತು, ಆದರೂ ರಾಟೆ ಬಿಟ್ಟು ಒಳಗೆ ಓಡಿದೆ. ಅವ್ವ ಮಗ್ಗದ ಪಕ್ಕದಲ್ಲಿ ಕೈಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದಳು. ಉಸಿರಿಗೆ ಅವಳ ಬೆನ್ನು ಏಳುವುದು ಕಾಣುವವರೆಗೆ ನಿಂತೆ. ಆಮೇಲೆ ಹಿತ್ತಲ ಬಾಗಿಲಿಗೆ ಹೋಗಿ ಶಾಲೆಯ ಕಡೆ ನೋಡಿದೆ. ಯಾರೂ ಬರುತ್ತಿರಲಿಲ್ಲ. ಓಡಿ ಬಂದವಳು ನಾನೊಬ್ಬಳೇ.