ಶಾಲಿನ ಮೂಲೆಗೆ ಅರಿಶಿನ

ಒದ್ದೆ ಶಾಲನ್ನು ಹಾಸಿಗೆಯ ಮೇಲೆ ಹರಡಿ, ಚಂದನ್ ಮೊಣಕಾಲೂರಿ ಕೂತು ಗುಂಡುಪಿನ್ನು ಚುಚ್ಚುತ್ತಿದ್ದ. ಲೇಸಿನ ಹೆಣಿಗೆಯ ಹಣೆಬರಹವೇ ಅಂಥದ್ದು. ಸೂಜಿಯಿಂದ ಇಳಿದಾಗ ಹಿಂಡಿಟ್ಟ ಒರೆಸುಬಟ್ಟೆಯ ಹಾಗೆ ಮುದುಡಿಕೊಂಡಿರುತ್ತದೆ. ನೀರಲ್ಲಿ ನೆನೆಸಿ, ನಾಲ್ಕೂ ಕಡೆ ಎಳೆದು, ಪಿನ್ನು ಹೊಡೆದು ಒಣಗಲು ಬಿಟ್ಟರೆ ಮಾತ್ರ ತೂತುಗಳೆಲ್ಲ ಬಾಯಿಬಿಟ್ಟು ಎಲೆ, ಬಳ್ಳಿ ಎದ್ದು ಕಾಣುತ್ತವೆ. ಬೇಸಿಗೆಯಿಂದ ಹೆಣೆದ ಬಿಳಿ ಶಾಲು. ಸೋಮವಾರ ಬೆಳಿಗ್ಗೆ ಅದು ಜರ್ಮನಿಯ ಬೊಬ್ಲಿಂಗೆನ್‌ನ ಉಲ್ಲನ್ ಅಂಗಡಿಯ ಗಾಜಿನ ಹಿಂದೆ ತೂಗಾಡಬೇಕು. ಪಕ್ಕದಲ್ಲಿ ಒಂದು ಚೀಟಿ, ಚೀಟಿಯ ಮೇಲೆ ಅವನ ಹೆಸರು. ಅಂಗಡಿಯ ಒಡತಿ ಫ್ರಾವ್ ಹೇಗೆಲೆ ತಾನಾಗೇ ಕೇಳಿದ್ದಳು.

"ಮಾವಾ, ಇವತ್ತು ಮಲಗೋದೆಲ್ಲಿ?" ಬಾಗಿಲಲ್ಲಿ ನಿಂತ ಸಿಂಚನಾ ಕೇಳಿದಳು.

"ನೆಲದ ಮೇಲೆ."

"ಇದೊಳ್ಳೆ ಚೆನ್ನಾಯ್ತು. ಹಾಸಿಗೆ ಶಾಲಿಗೆ, ನೆಲ ನಮಗೆ."

ಸಿಂಚನಾ ಅವನ ಹೆಂಡತಿ. ಹೆಂಡತಿಯಾಗುವ ಮೊದಲು ಅವನ ಅಕ್ಕ ಕಾಂತಾಮಣಿಯ ಮಗಳು. ಅಕ್ಕನ ಮಗಳನ್ನೇ ತಂದುಕೊಂಡಿದ್ದು. ಹಾಗಾಗಿ ಮನೆಯಲ್ಲಿ ಅವನು "ಮಾವ", ಆಫೀಸಿನವರ ಎದುರಿಗೆ ಮಾತ್ರ "ಚಂದನ್". ಅವಳು ಸಾಫ್ಟ್‌ವೇರ್ ಇಂಜಿನಿಯರ್. ಆಗ ಜರ್ಮನಿಯವರೂ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದರು, ಹಾಗೆ ಕರೆಸಿಕೊಂಡದ್ದು ಅವಳನ್ನು. ಇವನು ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಶರಣು ಹೊಡೆದು ಬಂಗಾರಪೇಟೆಯಲ್ಲಿ ಬೈಕ್ ಗ್ಯಾರೇಜು ಇಟ್ಟಿದ್ದವನು. ಇಲ್ಲಿ ಇವನ ಪಾಸ್‌ಪೋರ್ಟಿನ ಮೇಲೆ ಕೆಲಸ ಮಾಡುವಂತಿಲ್ಲ ಅಂತ ಠಸ್ಸೆ ಹೊಡೆದಿದ್ದರು. ಮೈಯಲ್ಲಿ ಕಬ್ಬಿಣ ಬಗ್ಗಿಸುವ ಕಸುವಿದೆ, ಮಾಡಲು ಮಾತ್ರ ಅಡುಗೆ ಬಿಟ್ಟರೆ ಏನೂ ಇಲ್ಲ. ಮೊದಲ ಚಳಿಗಾಲದಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು. ಅಂಥ ದಿನದಲ್ಲೇ ಬೆಚ್ಚಗಿದೆಯೆಂದು ಉಲ್ಲನ್ ಅಂಗಡಿಗೆ ನುಗ್ಗಿದ್ದು. ಅಲ್ಲಿ ನಾಲ್ಕು ಅಜ್ಜಿಯರು ಮೇಜಿನ ಸುತ್ತ ಕೂತು ಹೆಣೆಯುತ್ತಿದ್ದರು. ಇವನು ನೋಡುತ್ತ ನಿಂತ. ಫ್ರಾವ್ ಹೇಗೆಲೆ ಕುರ್ಚಿ ಎಳೆದು ಕೂರಿಸಿ ಕೈಗೆರಡು ಸೂಜಿ ಕೊಟ್ಟಳು. ಹೆಣಿಗೆಯ ನಕ್ಷೆಯಲ್ಲಿ ಓದುವುದೇನಿಲ್ಲ, ಬರೀ ಚೌಕ, ಚೌಕದೊಳಗೆ ಗುರುತು. ಭಾಷೆಯ ಹಂಗಿಲ್ಲ.

ಸಿಟ್ಟು ಹುಟ್ಟಿದ್ದು ಆಮೇಲೆ. ಮೊದಲು ಹೆಣೆದ ಪುಟ್ಟ ಮೇಜುಹೊದಿಕೆಯನ್ನು ಸಿಂಚನಾ ತನ್ನ ಬಾಸಿಗೆ ಉಡುಗೊರೆ ಕೊಟ್ಟಳು. ಯಾರು ಮಾಡಿದ್ದು ಎಂದರೆ "ನಮ್ಮಮ್ಮ" ಎಂದಳು. ಒಂದು ಸಲ ಬಾಯಿಂದ ಜಾರಿದ ಮಾತು ಆಮೇಲೆ ಬೇರು ಬಿಟ್ಟಿತು. ಪರದೆ ಅಮ್ಮ ಕಳಿಸಿದ್ದು, ಟಿ.ವಿ. ಮೇಲಿನ ಲೇಸು ಅಮ್ಮ ಹೆಣೆದದ್ದು. ಈಗ ಆ ಅಮ್ಮನೇ ಮೂರು ತಿಂಗಳಿಗೆಂದು ಬಂದು ಕೂತಿದ್ದಾಳೆ. ಕಾಂತಾಮಣಿ ಜನ್ಮದಲ್ಲಿ ಸೂಜಿ ಹಿಡಿದಿದ್ದು ಕಾಲಿನ ಮುಳ್ಳು ತೆಗೆಯಲಿಕ್ಕೆ ಮಾತ್ರ.

"ಮಾವಾ," ಸಿಂಚನಾ ಮೆಲ್ಲಗೆ ಶುರು ಮಾಡಿದಳು, "ನಾಳೆ ಮಲ್ಲಿಕಾರ್ಜುನ, ವಿಭಾ ಊಟಕ್ಕೆ ಬರ್ತಾರಲ್ಲ. ವಿಭಾ ಅಮ್ಮನ ಹತ್ರ ಹೆಣಿಗೆ ಕಲೀಬೇಕಂತೆ. ಅಮ್ಮಂಗೆ ಕಣ್ಣು ಮಂಜು ಅಂತ ಹೇಳಿಬಿಡೋಣ. ನೀನು ಸುಮ್ನಿರು." ಮಲ್ಲಿಕಾರ್ಜುನ ಅವಳ ಆಫೀಸಿನವನು, ವಿಭಾ ಅವನ ಹೆಂಡತಿ.

ಪಿನ್ನು ಹೆಬ್ಬೆರಳಿಗೆ ಚುಚ್ಚಿತು. "ಸೋಮವಾರ ಗಾಜಿನಲ್ಲಿ ನನ್ನ ಹೆಸರು ಬರುತ್ತಲ್ಲ, ಆವಾಗೇನ್ ಮಾಡ್ತೀಯ?"

"ಹೆಸರು ಹಾಕ್ಲೇಬೇಕಾ? ಮಲ್ಲಿಕಾರ್ಜುನ ದಿನಾ ಆ ಬೀದೀಲೇ ಓಡಾಡ್ತಾನೆ. ಗಂಡ ಏನ್ ಮಾಡ್ತಾರೆ ಅಂತ ಎಲ್ರೂ ಕೇಳ್ತಾರೆ, ಮಾವಾ. ನಾನೇನ್ ಹೇಳ್ಲಿ? ಮನೇಲಿ ಕೂತು ಲೇಸು ಹೆಣೀತಾರೆ ಅಂತ್ಲಾ?"

"ಹೂಂ. ಹಾಗೇ ಹೇಳು. ಸುಳ್ಳಾ ಅದು?"

ಅವಳು ಅಡುಗೆಮನೆಯ ಕಡೆಗೆ ತಿರುಗಿ ನಡೆದಳು. ಚಂದನ್‌ಗೆ ಮೈಯೆಲ್ಲ ಉರಿದುಹೋಯಿತು. ಕದ್ದ ಮಾಲೇನ್ರೀ ಇದು, ಹೆಸರಿಲ್ಲದೆ ಸಾಗಿಸಲಿಕ್ಕೆ?

ಭಾನುವಾರ ಮಧ್ಯಾಹ್ನ ಮಲ್ಲಿಕಾರ್ಜುನ ಬಂದವನೇ ಮೂಗರಳಿಸಿದ. "ಗುರು, ಬಸ್ಸಾರು! ಜರ್ಮನೀಲಿ ಮುದ್ದೆ ಬಸ್ಸಾರು ಅಂದ್ರೆ ದೇವ್ರು ಕಣಯ್ಯಾ ನೀನು."

ಮುದ್ದೆ ತಿರುವಿದ್ದು ಚಂದನ್ ಅಂತ ಒಪ್ಪಿಕೊಳ್ಳಲು ಯಾರಿಗೂ ನಾಚಿಕೆಯಾಗಲಿಲ್ಲ. ಅದು ಹೇಗೋ ನಡೆಯುತ್ತದೆ.

ಊಟವಾಗುತ್ತಿದ್ದಂತೆ ವಿಭಾ ಚೀಲದಿಂದ ಸೂಜಿ, ನೂಲು ತೆಗೆದು ಕಾಂತಾಮಣಿಯ ಪಕ್ಕ ಸರಿದು ಕೂತಳು. "ಆಂಟಿ, ನೋಡಿ, ನಂದು ಇಲ್ಲೇ ಸಿಕ್ಕು ಬೀಳ್ತಿದೆ. ಒಂದೇ ಒಂದು ಸಾಲು ತೋರ್ಸಿ."

"ಕಣ್ಣು ಮಂಜಾಗಯ್ತೆ ಕಣಮ್ಮಾ." ಮಗಳು ಹೇಳಿಕೊಟ್ಟ ಪಾಠವನ್ನು ಕಾಂತಾಮಣಿ ಒಪ್ಪಿಸಿದಳು.

"ಕೈಯಲ್ಲಿ ಹಿಡಿದು ತೋರ್ಸಿದ್ರೂ ಸಾಕು."

ಕಾಂತಾಮಣಿ ಒಂದು ಸೂಜಿಯನ್ನು ತೆಗೆದುಕೊಂಡು ಸೌಟು ಹಿಡಿದಂತೆ ಹಿಡಿದಳು. ಚಂದನ್ ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದ. ಸಿಂಚನಾ ಗಡಿಬಿಡಿಯಿಂದ ಎದ್ದಳು. "ವಿಭಾ, ಅದೆಲ್ಲ ಆಮೇಲೆ. ಅಮ್ಮನ ಹೊಸ ಶಾಲು ನೋಡು ಬಾ, ಒಳಗಿದೆ."

ಅಮ್ಮನ ಶಾಲು! ಕೈಯಲ್ಲಿದ್ದ ತಟ್ಟೆಯನ್ನು ಚಂದನ್ ಸಿಂಕಿಗೆ ಕುಕ್ಕಿ ಅವರ ಹಿಂದೆಯೇ ನಡೆದ.

ಹಾಸಿಗೆಯ ಮೇಲೆ ಶಾಲು ಒಣಗಿ ನಿಂತಿತ್ತು, ಎಲೆ ಬಳ್ಳಿಯೆಲ್ಲ ಬಿಡಿಬಿಡಿಯಾಗಿ. ವಿಭಾ "ಅಯ್ಯಪ್ಪಾ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಚಂದನ್ ನೋಡಿದ್ದು ಮಾತ್ರ ಕಿಟಕಿಯ ಕಡೆಯ ಮೂಲೆಯನ್ನು. ಅಲ್ಲಿ ಹೆಬ್ಬೆಟ್ಟು ಅಗಲದ ಹಳದಿ. ದಪ್ಪಗೆ ಕಲೆಸಿದ ಅರಿಶಿನ.

"ಇದ್ಯಾರು ಮಾಡಿದ್ದು?"

"ನಾನೇ ಕಣೋ," ಎಂದಳು ಕಾಂತಾಮಣಿ, ಬೆನ್ನು ತಟ್ಟಿಸಿಕೊಳ್ಳುವವಳ ಹಾಗೆ. "ಹೊಸ ಬಟ್ಟೆ. ನಾಳೆ ಹೊರಗೆ ಹೋಗೋದು ಅಂತ ನೀನು ಅಂತಿದ್ದೆ. ಅರಿಶಿನ ಸೋಕಿಸ್ದೆ ಹಂಗೇ ಕಳಿಸ್ತಾರೇನೋ ಯಾರಾದ್ರೂ?"

ಚಂದನ್ ಪಿನ್ನುಗಳನ್ನು ಕಿತ್ತೆಸೆದು, ಶಾಲನ್ನು ಬಾಚಿಕೊಂಡು ಬಚ್ಚಲಿಗೆ ಓಡಿದ. ಮೂಲೆಗೆ ಸೋಪು ಹಚ್ಚಿ ಉಜ್ಜಿದ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು, ಸಿಟ್ಟಿನಲ್ಲಿ ಅವನಿಗೆ ಮರೆತಿತ್ತು. ಹಳದಿ ಕಣ್ಣೆದುರೇ ಕೆಂಪಾಯಿತು. ತೊಳೆದಷ್ಟೂ ಹರಡಿ, ಕೊನೆಗೆ ಕೆಂಪೂ ಅಲ್ಲದ ಹಳದಿಯೂ ಅಲ್ಲದ ಕಲೆಯೊಂದು ಉಳಿಯಿತು. ಬೇಸಿಗೆಯಿಂದ ಕೂತು ಹೆಣೆದಿದ್ದರ ಮೂತಿಗೇ ಮಸಿ.

ನೀರು ಸುರಿಯುವ ಶಾಲನ್ನು ಹಿಡಿದೇ ಅವನು ಹಾಲಿಗೆ ಬಂದ. "ಹೆಣೆದೋರಾಗಿದ್ರೆ ಬಿಳಿ ಉಲ್ಲನ್‌ಗೆ ಅರಿಶಿನ ಬಳೀತಿದ್ರಾ? ಇದನ್ನ ಅಕ್ಕ ಹೆಣೆದಿದ್ದಲ್ಲ. ನಾನು ಹೆಣೆದಿದ್ದು. ಆ ಪರದೆ ನಾನು. ಟಿ.ವಿ. ಮೇಲಿರೋದು ನಾನು. ಎಲ್ಲಾ ನಾನೇ!"

ಮಲ್ಲಿಕಾರ್ಜುನ ಸಿಂಚನಾಳ ಮುಖ ನೋಡಿದ. ಚಂದನ್ ಕೂಡ ನೋಡಿದ. ಹೂಂ ಅಂದರೆ ಸಾಕಿತ್ತು.

"ಚಂದನ್ ತಮಾಷೆ ಮಾಡ್ತಾನೆ," ಎಂದು ಸಿಂಚನಾ ನಕ್ಕಳು.

ಮಲ್ಲಿಕಾರ್ಜುನನಿಗೆ ಕಟ್ಟಿದ ಉಸಿರು ಬಿಟ್ಟಂತಾಯಿತು. "ಲೋ ಮಗಾ, ಒಂದು ಕ್ಷಣ ನಂಬಿಬಿಟ್ಟಿದ್ದೆ! ನಂಗೂ ಒಂದು ಸ್ವೆಟರ್ ಹಾಕ್ಕೊಡಪ್ಪಾ, ಅಜ್ಜಮ್ಮಾ!" ತೊಡೆ ತಟ್ಟಿಕೊಂಡು ನಕ್ಕ. ವಿಭಾಳೂ ನಕ್ಕಳು. ಶಾಲಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

ಅವರು ಹೋದ ಮೇಲೆ ಚಂದನ್ ಶಾಲನ್ನು ಮತ್ತೆ ಹರಡಿ, ಮತ್ತೆ ಪಿನ್ನು ಹೊಡೆಯತೊಡಗಿದ. ಕಾಂತಾಮಣಿ ಬಂದು ಪಕ್ಕದಲ್ಲಿ ಕೂತಳು.

"ಕೆಡಿಸಿಬಿಟ್ನೇನೋ?"

"ಕೆಡಿಸ್ದೆ ಅಕ್ಕಾ."

"ನನಗೆ ತಿಳೀಲಿಲ್ಲ ಕಣಪ್ಪಾ. ಸೂಜಿ ಹಿಡ್ಕೊಂಡು ಕೂತಿರೋದ ನೋಡಿ ನನಗೂ ಮೊದ್ಲು ಒಂಥರಾ ಆಗಿತ್ತು, ಸುಳ್ಳಾಕೆ ಹೇಳ್ಲಿ. ಆದ್ರೆ ಇಷ್ಟು ಚೆಂದಾಗಿ ಮಾಡವ್ನೆ, ಕಣ್ಣು ಬೀಳಬಾರ್ದು ಅಂತ ದೇವ್ರ ಮುಂದೆ ನಿನ್ ಹೆಸರು ಹೇಳೇ ಇಟ್ಟೆ."

ಇದಕ್ಕೆ ಏನಂತ ಬೈಯುವುದು? ಅವನ ಹೆಸರು ಹೇಳಿದ್ದು ಈ ಮನೆಯಲ್ಲಿ ಒಬ್ಬಳೇ, ಅವಳೇ ಶಾಲು ಕೆಡಿಸಿದವಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸೋಮವಾರ ಸಿಂಚನಾ ಆಫೀಸಿಗೆ ತಡವಾಗಿ ಬರುವೆನೆಂದು ಹೇಳಿ, ಕರೆಯದಿದ್ದರೂ ಜೊತೆಗೆ ಹೊರಟಳು. ಆ ಅಂಗಡಿಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

ಫ್ರಾವ್ ಹೇಗೆಲೆ ಶಾಲು ಬಿಡಿಸಿದಳು, ಬೆಳಕಿಗೆ ಹಿಡಿದಳು, ಕಲೆಯ ಮೇಲೆ ಬೆರಳಿಟ್ಟು ಏನೋ ಕೇಳಿದಳು. ಅವಳ ಊರ ಕಡೆಯ ಜರ್ಮನ್ ಸಿಂಚನಾಳಿಗೆ ಪೂರ್ತಿ ಹತ್ತಲಿಲ್ಲ. ತಪ್ಪು ಮಾಡಿದವಳ ಕಿವಿಗೆ ಎಲ್ಲವೂ ಒಂದೇ ಪ್ರಶ್ನೆ. "ಮೈನ್ ಮಾನ್," ಎಂದಳು. ನನ್ನ ಗಂಡ ಮಾಡಿದ್ದು ಎಂದು.

ಮುದುಕಿ ಕನ್ನಡಕದ ಮೇಲಿಂದ ನೋಡಿದಳು. ಅದು ಗೊತ್ತಮ್ಮಾ, ಕಲಿತಿದ್ದೇ ಈ ಮೇಜಿನ ಮೇಲೆ. ಈ ಕಲೆ ಏನು ಅಂತ ನಾನು ಕೇಳಿದ್ದು.

ಸಿಂಚನಾ ಕೆಂಪಾದಳು. ತೊದಲುತ್ತ ಅರಿಶಿನದ ಕಥೆ ಹೇಳಿದಳು: ಹೊಸ ಬಟ್ಟೆ, ದೇವರು, ಇವನ ಅಕ್ಕ. ಫ್ರಾವ್ ಹೇಗೆಲೆ ತಲೆಯಾಡಿಸುತ್ತ ಕೇಳಿ, ಕಲೆಯ ಮೂಲೆಯನ್ನು ಹಿಂದಕ್ಕೆ ಮಡಚಿ ಗಾಜಿನ ಬಳಿ ತೂಗುಹಾಕಿದಳು.

"ನೈನ್," ಬೇಡ ಎಂದ ಚಂದನ್. ತಾನೇ ಹೋಗಿ ಮೂಲೆಯನ್ನು ಬೀದಿಯ ಕಡೆಗೆ ಬಿಡಿಸಿದ. ಚೀಟಿಯ ಮೇಲೆ ದಪ್ಪಕ್ಷರದಲ್ಲಿ ತನ್ನ ಹೆಸರನ್ನು ತಾನೇ ಬರೆದ.

ಹೊರಗೆ ಬಂದಾಗ ಸಿಂಚನಾ ಕೇಳಿದಳು, "ಹೇಳಿದ್ನಲ್ಲ ಮಾವಾ. ಸಮಾಧಾನ ಆಯ್ತಾ?"

"ಇಲ್ಲ. ಗೊತ್ತಿದ್ದೋರ ಮುಂದೆ ಹೇಳೋದೇನು ದೊಡ್ಡದು?"

"ಮಲ್ಲಿಕಾರ್ಜುನ ಮಧ್ಯಾಹ್ನ ಈ ಕಡೆ ಬರ್ತಾನೆ. ಅವನೇ ನೋಡ್ತಾನೆ ಬಿಡು."

"ಅವನು ನೋಡೋದು ಬೇಕಿಲ್ಲ ನಂಗೆ. ನೀನು ಹೇಳು."

ಅವಳು ರಸ್ತೆಯ ಆ ಕೊನೆ, ಈ ಕೊನೆ ನೋಡಿದಳು. ಮೊಬೈಲು ತೆಗೆದು ನಂಬರು ಒತ್ತಿದಳು. ಚಂದನ್ ಸಹಾಯಕ್ಕೆ ಹೋಗಲಿಲ್ಲ. ಖಾಲಿ ಚೀಲವನ್ನು ಮುದುರಿ ಹಿಡಿದು ಸುಮ್ಮನೆ ನಿಂತ.

"ಮಲ್ಲಿಕಾರ್ಜುನಾ, ನಾನು. ಆ ಶಾಲು... ಅಮ್ಮ ಹೆಣೆದಿದ್ದಲ್ಲ. ನಮ್ಮ ಮಾವ, ಚಂದನ್, ಅವನೇ ಹೆಣೆದಿದ್ದು. ಎಲ್ಲಾನೂ."

ಮೊಬೈಲಿನಿಂದ ನಗು ಕೇಳಿಸಿತು, ನಿನ್ನೆಯದೇ ನಗು. ಸಿಂಚನಾ ಅದು ಮುಗಿಯುವ ತನಕ ಕಾದಳು. ಅವಳ ಕಿವಿ ಕೆಂಪಾಗಿತ್ತು, ಶಾಲಿನ ಮೂಲೆಯ ಹಾಗೆ.

"ತಮಾಷೆ ಅಲ್ಲ," ಎಂದಳು.