ಅರ್ಧ ಬಿಗಿದ ಬೋಲ್ಟು

ನನ್ನ ಗಂಡ ಸಾಯಿಕುಮಾರನಿಗೆ ಮಾತು ಕಡಿಮೆ. ಆಡುವ ಒಂದೆರಡು ಮಾತೂ ಎದೆಗೆ ಚುಚ್ಚುವಂಥವೇ. ಈ ಸಲವೂ ಗಾಡಿ ಕೈಕೊಟ್ಟರೆ ಹಸುಗಳನ್ನು ಮಾರಿಬಿಡೋಣ ಎಂದವನೇ ಬಂಗಾರಪೇಟೆಯಲ್ಲಿ ರೈಲು ಹಿಡಿಯಲು ಹೊರಟ. ಐದು ಹಸುಗಳಿಗೂ ಹೆಸರಿಟ್ಟವಳು ನಾನು, ಅವನಿಗೇನು.

ಗಾಡಿ ಅಂದರೆ ಎಟಿವಿ. ದಪ್ಪ ಟೈರಿನ ನಾಲ್ಕು ಗಾಲಿ, ಬೈಕಿನಂಥ ಹ್ಯಾಂಡಲ್. ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಹಳೆಯದನ್ನು ತಂದಿದ್ದೆವು. ನಮ್ಮ ಕೊಟ್ಟಿಗೆ ಇರುವುದು ಕಾಮಸಮುದ್ರದ ಆಚೆ, ಗುಡ್ಡದ ಮೇಲೆ. ಕೆಳಗಿನ ಡೈರಿಗೆ ಬರೀ ಕಲ್ಲುದಾರಿ. ನನ್ನ ಮೊಣಕಾಲು ಕೆಟ್ಟ ಮೇಲೆ ಎರಡು ಹೊತ್ತೂ ಹಾಲಿನ ಕ್ಯಾನು ಇಳಿಸುತ್ತಿದ್ದದ್ದು ಈ ಗಾಡಿಯೇ.

ಅದೀಗ ನೀರು ಕುಡಿಯತೊಡಗಿತ್ತು. ರೇಡಿಯೇಟರಿಗೆ ತುಂಬಿದ ಕೂಲೆಂಟ್ ಎರಡು ದಿನಕ್ಕೇ ಇಳಿಯುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಹೋದ ತಿಂಗಳು ಚಾಂಪಿಯನ್ ರೀಫ್ಸಿನ ಮೆಕ್ಯಾನಿಕ್ ಸೆಲ್ವರಾಜಣ್ಣ ಇದೇ ಕಾಯಿಲೆಗೆ ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಬದಲಿಸಿದ್ದ. ಇಪ್ಪತ್ತು ದಿನಕ್ಕೆ ಮತ್ತೆ ಅದೇ ರಾಮಾಯಣ. ಬಂಗಾರಪೇಟೆಯಲ್ಲಿ ಹೊಸ ಗ್ಯಾಸ್ಕೆಟ್ ಕೊಂಡು, ಗಾಡಿಯನ್ನು ಗೂಡ್ಸ್ ಆಟೋಗೆ ಹೇರಿಸಿ, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದೆ.

ಸೆಲ್ವರಾಜಣ್ಣ ಅಲ್ಲಿನ ಚಿನ್ನದ ಗಣಿ ಮುಚ್ಚುವವರೆಗೂ ನೆಲದಡಿಯಲ್ಲಿ ಮರದ ಕಂಬ ನಿಲ್ಲಿಸುವ ಕೆಲಸದಲ್ಲಿದ್ದವನು. ರಿಪೇರಿ ಕಲಿತದ್ದು ಆಮೇಲೆ. ನನ್ನನ್ನು ಕಂಡದ್ದೇ ಅವನ ಮುಖ ಸಣ್ಣದಾಯಿತು. ನಾನು ಬೈಗುಳ ನುಂಗಿಕೊಂಡೆ.

ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದ. ಅನ್ನದ ಎಸರಿನಂತೆ ಗುಳ್ಳೆ ಎದ್ದವು. ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ ಎಂದ. ಆಯಿಲ್ ನೀರು ಬೆರೆತು ಮಜ್ಜಿಗೆ ಬಣ್ಣಕ್ಕೆ ತಿರುಗಿರಲಿಲ್ಲ, ಅಷ್ಟೇ ಸಮಾಧಾನ. ಹೆಡ್ ಬಿಚ್ಚಿ, ಉಜ್ಜಿ, ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ಸೊಟ್ಟಗಾಗಿರಲಿಲ್ಲ. ಹೆಡ್ಡೂ ಸರಿ, ಗ್ಯಾಸ್ಕೆಟ್ಟೂ ಹೊಸದು. ಹಾಗಾದರೆ ತಪ್ಪು ಕೂರಿಸಿದ ಕೈಯದೇ ಇರಬೇಕು.

ಬಿಚ್ಚಿದ ಗ್ಯಾಸ್ಕೆಟ್ಟನ್ನು ನಾನೇ ಎತ್ತಿ ನೋಡಿದೆ. ಒಂದು ಮೂಲೆ ಒತ್ತಿ ಒತ್ತಿ ಹೊಳೆಯುತ್ತಿತ್ತು. ಎದುರು ಬದಿಯಲ್ಲಿ ಕಪ್ಪು ಗೆರೆಯೊಂದು ನೀರಿನ ತೂತಿನವರೆಗೂ ಹರಿದಿತ್ತು. ಹಾಲಿನ ಕ್ಯಾನಿನ ಮುಚ್ಚಳ ಹೀಗೇ ಮಾಡುತ್ತದೆ. ಒಂದೇ ಕಡೆ ಪೂರ್ತಿ ಒತ್ತಿದರೆ ಆಚೆ ಕಡೆ ಎದ್ದು ಹಾಲು ಚೆಲ್ಲುತ್ತದೆ, ಸುತ್ತಲೂ ಸ್ವಲ್ಪ ಸ್ವಲ್ಪವೇ ಒತ್ತುತ್ತ ಬರಬೇಕು. ಸೀಟಿನಡಿ ಇದ್ದ ಗಾಡಿಯ ಪುಸ್ತಕದಲ್ಲೂ ಅದೇ ಚಿತ್ರವಿತ್ತು: ನಾಲ್ಕು ಬೋಲ್ಟನ್ನೂ ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿಯಬೇಕು.

ಅವನು ಪುಸ್ತಕದತ್ತ ನೋಡಲೂ ಇಲ್ಲ. ಅದೆಲ್ಲ ತನಗೆ ಗೊತ್ತು ಎಂದ.

"ಗೊತ್ತಿದ್ದೂ ಯಾಕಣ್ಣ ಇಂಗ್ ಮಾಡ್ದೆ?" ಎಂದೆ. ನಿಜಕ್ಕೂ ಸಿಟ್ಟು ಬಂದಿತ್ತು.

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡು ಗಣಿಯ ಕಥೆ ಹೇಳಿದ. ಗಣಿಯಲ್ಲಿ ಕಂಬದ ತಲೆಗೆ ಬೆಣೆ ಹೊಡೆದು ಪೂರ್ತಿ ಬಿಗಿ ಮಾಡಿದ ಮೇಲೆಯೇ ಮುಂದಿನ ಕಂಬಕ್ಕೆ ಹೋಗಬೇಕಂತೆ. ಒಂದು ದಿನ ಪಾಳಿ ಮುಗಿದ ಗಂಟೆ ಹೊಡೆಯಿತೆಂದು ಇವನು ಒಂದು ಬೆಣೆಯನ್ನು ಅರ್ಧಕ್ಕೇ ಬಿಟ್ಟು ಮೇಲೆ ಬಂದನಂತೆ. ಮುಂದಿನ ಪಾಳಿಯವನೊಬ್ಬ ಅದೇ ಕಂಬದ ಕೆಳಗೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಬೆಣೆ ಜಾರಿ ಮೇಲಿನ ಬಂಡೆ ಬಿತ್ತಂತೆ.

"ಅವತ್ತಿಂದ ನನ್ ಕೈ ಅರ್ಧದಲ್ಲಿ ನಿಲ್ಲಲ್ಲ, ತಂಗಚ್ಚಿ" ಎಂದ.

ಒಂದು ಬೋಲ್ಟನ್ನು ಪೂರ್ತಿ ಬಿಗಿದೇ ಇನ್ನೊಂದಕ್ಕೆ ಹೋಗುವುದು ಸಣ್ಣ ಬೈಕುಗಳಲ್ಲಿ ನಡೆದುಹೋಗಿತ್ತು. ನೀರಿನಿಂದ ತಂಪಾಗುವ ಈ ಎಂಜಿನ್ ಒಪ್ಪಲಿಲ್ಲ. ಹಸುಗಳ ಮೇಲಿನ ಆಸೆಗೆ ಈ ಮುದುಕನನ್ನು ಹಿಂಸಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಹಸುಗಳನ್ನು ಬಿಡಲಾರೆ. ಹೊಸ ಗ್ಯಾಸ್ಕೆಟ್ ಕೂರಿಸಿದ ಮೇಲೆ ಹೆಡ್ಡಿನ ಮೇಲೆ ನನ್ನ ಅಂಗೈ ಇಟ್ಟೆ.

"ಇದ್ರ ಕೆಳಗೆ ಯಾರೂ ಕೂತಿಲ್ಲಣ್ಣ. ನಾನ್ ಹಿಡ್ಕಂಡಿರ್ತೀನಿ, ನೀನು ಅರ್ಧ ಬಿಗ್ದು ಮುಂದಕ್ಕೋಗು."

ಮೊದಲ ಬೋಲ್ಟು ಅರ್ಧಕ್ಕೆ ಬಂದಾಗ ಪಾನ ತೆಗೆದವನು, ಬಿಗಿಯಲು ಮತ್ತೆ ಅದೇ ಬೋಲ್ಟಿಗೆ ಹಾಕಲು ಬಂದ. ಆ ಬೋಲ್ಟಿನ ಮೇಲೆ ಅಂಗೈ ಒತ್ತಿ ಹಿಡಿದೆ. ಅವನು ಎದುರಿನದಕ್ಕೆ ಹೋದ. ನಾಲ್ಕೂ ಮುಗಿದಾಗ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಎರಡನೆಯ ಸುತ್ತು ಸ್ವಲ್ಪ ಹಗುರಾಯಿತು. ಮೂರನೆಯದಕ್ಕೆ ನನ್ನ ಕೈ ಬೇಕಾಗಲಿಲ್ಲ.

ಉಳಿದದ್ದೆಲ್ಲ ಜೋಡಿಸಿ, ಕೂಲೆಂಟ್ ತುಂಬಿ ಸ್ಟಾರ್ಟ್ ಮಾಡಿದ. ಒಳಗೆ ಉಳಿದಿದ್ದ ಗಾಳಿ ಮೊದಲು ನಾಲ್ಕೈದು ಗುಳ್ಳೆಯಾಗಿ ಬಂತು, ಆಮೇಲೆ ನೀರು ತಿಳಿಯಾಗಿ ನಿಂತಿತು. ಮುಚ್ಚಳ ಬಿಗಿದು, ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಏರನ್ನು ನಾಲ್ಕು ಸಲ ಹತ್ತಿಸಿ ಇಳಿಸಿದೆ. ತಣ್ಣಗಾಗುವವರೆಗೆ ಕಾದು ಮುಚ್ಚಳ ತೆಗೆದರೆ ಮಟ್ಟ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಗಂಡನಿಗೆ ಫೋನ್ ಮಾಡಿ, ಹಸು ಮಾರುವ ಮಾತು ಇನ್ನು ಎತ್ತಬೇಡ ಎಂದೆ. ಹೂಂ ಎಂದ, ಅಷ್ಟೇ.

ಸೆಲ್ವರಾಜಣ್ಣ ನೀರು ನೋಡುತ್ತಿರಲಿಲ್ಲ. ಬೋಲ್ಟಿನ ಗುರುತು ಕಪ್ಪಗೆ ಮೂಡಿದ್ದ ನನ್ನ ಅಂಗೈಯನ್ನೇ ನೋಡುತ್ತಿದ್ದ.

"ನಾಲ್ಕೂ ಅರ್ಧ ಬಿಗಿ ಇದ್ವು" ಎಂದ. "ಏನೂ ಬೀಳ್ಲಿಲ್ಲ."