ಒಂಟೆಗೊಂದು ಎತ್ತರದ ಶವರ್

ಈ ಕಥೆಯಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ. ಹಿಂದೆ ಇದೇ ಆಣೆ ಇಟ್ಟಾಗಲೆಲ್ಲ ಯಾಕೆ ಬೀಳಲಿಲ್ಲ ಎಂದು ಕೇಳಬೇಡಿ. ನಾಲಿಗೆಗೂ ನನ್ನ ಸಹವಾಸ ಅಭ್ಯಾಸವಾಗಿಬಿಟ್ಟಿದೆ.

ನನ್ನ ಹೆಂಡತಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ, ಅಂದರೆ ನಮ್ಮ ದೊಡ್ಡ ಭಾವ, ಮನೆಯ ಮೇಲಿನ ಭಾಗದಲ್ಲಿ, ತಮ್ಮ ನೆಲಮಾಳಿಗೆಯಲ್ಲಿ. ಇಬ್ಬರಿಗೂ ಮಾತಿಲ್ಲ. ಜಗಳ ಹುಟ್ಟಿದ್ದು ಒಂದು ಏಣಿಯ ವಿಷಯಕ್ಕೆ. ಏಣಿ ಗೆದ್ದಲು ಹಿಡಿದು ಪುಡಿಯಾಯಿತು, ಜಗಳ ಮಾತ್ರ ಗಟ್ಟಿಮುಟ್ಟಾಗಿ ನಿಂತಿದೆ.

ತಮ್ಮನಿಗೆ ಮನೆಯಲ್ಲಿ ಒಂಟೆ ಎಂದೇ ಹೆಸರು, ಅಷ್ಟು ಉದ್ದ. ನೆಲಮಾಳಿಗೆಯ ಬಚ್ಚಲಲ್ಲಿ ಗೋಡೆಯ ಹೊರಗೇ ಹಾದುಹೋಗಿದ್ದ ತುಕ್ಕು ಹಿಡಿದ ಕಬ್ಬಿಣದ ಪೈಪಿಗೆ, ಗಿಡ್ಡಗಿದ್ದ ಮಾವನವರು ಹಿಂದೆ ತಮ್ಮ ಅಳತೆಗೆ ಶವರ್ ಹಾಕಿಸಿದ್ದರು. ಒಂಟೆಗೆ ಅದು ಎದೆಮಟ್ಟ. ಅವನ ತಲೆ ನೆನೆಯಬೇಕಾದರೆ ಮಳೆಯೇ ಬರಬೇಕಿತ್ತು. ಕೆಳಗೆ ಅವನು ಮೈತುಂಬ ಸೋಪು ಹಚ್ಚಿಕೊಂಡ ಹೊತ್ತಿಗೆ ಸರಿಯಾಗಿ ಮೇಲೆ ದೊಡ್ಡ ಭಾವ ಅಡುಗೆಮನೆಯ ನಲ್ಲಿ ತಿರುಗಿಸುತ್ತಿದ್ದರು. ಶವರ್ ತೊಟ್ಟಿಕ್ಕತೊಡಗುತ್ತಿತ್ತು. ಒಂಟೆ ಸ್ಟೀಲ್ ಮಗ್ಗಿನಿಂದ ಪೈಪಿಗೆ ಠಣ್ ಠಣ್ ಬಾರಿಸುತ್ತಿದ್ದ. ದೊಡ್ಡ ಭಾವ ಸಿಂಕಿನ ಕೆಳಗೆ ಬಗ್ಗಿ ಅದೇ ಪೈಪಿಗೆ ಚಮಚದಿಂದ ಉತ್ತರ ಕೊಡುತ್ತಿದ್ದರು. ಮೊದಮೊದಲು ಬರೀ ಬೈಗುಳ. ಬರಬರುತ್ತಾ ಸೊಂಟನೋವು, ತರಕಾರಿ ರೇಟು, ಚುನಾವಣೆ ಎಲ್ಲವೂ ಪೈಪಿನಲ್ಲೇ ನಡೆಯುತ್ತಿತ್ತು. ಆ ಚರ್ಚೆ ಕೇಳಿ ಪಕ್ಕದ ಮನೆಯವರು ಪಕ್ಷವನ್ನೇ ಬದಲಾಯಿಸಿದರು.

ಹೀಗಿರುವಾಗ ದೊಡ್ಡ ಭಾವನಿಗೆ ಒಳ್ಳೆಯ ಬುದ್ಧಿ ಬಂತು. ಬಗ್ಗಿ ಬಗ್ಗಿ ತಮ್ಮನ ಬೆನ್ನು ಹೋಯಿತೆಂದು ಪ್ಲಂಬರನನ್ನು ಕರೆಸಿ ಶವರನ್ನು ಮೇಲಕ್ಕೆ ಏರಿಸಿದರು. ಹಳೆಯ ಪೈಪು ಮುಟ್ಟಿದರೆ ಉದುರುತ್ತದೆ ಎಂದು ಪ್ಲಂಬರ್ ಅಷ್ಟನ್ನೂ ಕಿತ್ತು ಪ್ಲಾಸ್ಟಿಕ್ ಹಾಕಿದ. ಅಂದಿನಿಂದ ಕೆಳಗಿನಿಂದ ಸದ್ದೇ ಇಲ್ಲ.

ನಿನ್ನೆ ಅಡುಗೆಮನೆಯಲ್ಲಿ ದೊಡ್ಡ ಭಾವ ಸುಮ್ಮನೆ ನಲ್ಲಿ ಬಿಟ್ಟುಕೊಂಡು, ಚಮಚ ಹಿಡಿದು ನಿಂತಿದ್ದರು.

"ನೋಡಯ್ಯಾ, ಒಂದು ಠಣ್ ಇಲ್ಲ. ನಾನೇ ಸೋತು ಶವರ್ ಏರಿಸಿದೆ. ಆದ್ರೂ ಅವನ ಸಿಟ್ಟು ಇಳೀಲಿಲ್ಲ."

"ಇಳಿದಿದೆ ಭಾವ. ಕಣ್ಣಾರೆ ನೋಡ್ಕೊಂಡು ಬಂದೆ."

"ನಿನ್ ಕಣ್ಣಾ! ಹೋದ ವಾರ ಈಜೋ ಕುರಿ ನೋಡಿದ್ದೂ ಅದೇ ಕಣ್ಣಲ್ವಾ?"

"ಈಜ್ತಿತ್ತು ಅಂದೆನಾ? ಕಲೀತಿತ್ತು ಅಂದೆ."

"ರೈಲು ಬಿಡಬೇಡ, ಹೋಗು."

ಅಪರೂಪಕ್ಕೊಂದು ನಿಜ ಕೈಗೆ ಸಿಕ್ಕಿದೆ, ಕೊಂಡುಕೊಳ್ಳುವವರೇ ಇಲ್ಲ.

"ಭಾವ, ಬಕೆಟ್ ತರೋಕೆ ಕೆಳಗೆ ಹೋಗಿದ್ದೆ. ಒಂಟೆ ಮಗ್ಗಿನಿಂದ ಹೊಸ ಪೈಪಿಗೆ ಹೊಡೀತಿದ್ದ. ಡಬ್ ಡಬ್ ಅನ್ನುತ್ತೆ, ಪ್ಲಾಸ್ಟಿಕ್ಕು. ಬಾಗಿಲ ತನಕಾನೂ ಕೇಳಲ್ಲ. ಹೊಡೆದು, ಪೈಪಿಗೆ ಕಿವಿ ಇಟ್ಟು ನಿಂತಿದ್ದ. ಪಾಪ, ನೋಡೋಕಾಗ್ಲಿಲ್ಲ. 'ಅಣ್ಣ ಪೈಪು ಯಾಕೆ ಕಿತ್ತಾಕ್ಸಿದ ಗೊತ್ತಾ ಭಾವ? ನನ್ನ ಬಾಯಿ ಮುಚ್ಚಿಸೋಕೆ' ಅಂದ."

ಭಾವನ ಮುಖದಲ್ಲಿ ನಂಬಿಕೆ ಕಾಣಲಿಲ್ಲ. "ಹೇಗೆ ಹೊಡೀತಿದ್ದ?"

ನಾನು ಬೆರಳಿನಿಂದ ಕಟ್ಟೆಗೆ ಬಡಿದು ತೋರಿಸಿದೆ. ಎರಡು ಸಲ, ಸ್ವಲ್ಪ ತಡೆದು, ಇನ್ನೊಂದು.

ಭಾವ ನಲ್ಲಿ ಮುಚ್ಚಿದರು.

"ಅದು ಬೈಗುಳ ಅಲ್ಲ ಕಣಯ್ಯಾ," ಎಂದರು ಮೆಲ್ಲಗೆ. "'ಊಟ ಆಯ್ತಾ' ಅಂತ. ಇದು ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ." ಚಮಚವನ್ನು ಅತ್ತಿತ್ತ ತಿರುಗಿಸಿದರು. "ದಿನಾ ಕೇಳ್ತಿದ್ದ ಅನ್ನು. ನಾನು ಬಾಯೇ ಬಿಡಲಿಲ್ಲ."

ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಆದರೆ ಅವರ ಕಣ್ಣು ತುಂಬಿದ್ದು ನೋಡಿ ನಗಿಸೋಣ ಎನ್ನಿಸಿತು.

"ಅಷ್ಟೇ ಅಲ್ಲ ಭಾವ, ಮುಂದೆ ಕೇಳಿ. ಅವನು ಮೂರನೇ ಹೊಡೆತ ಹೊಡೆದನಲ್ಲ, ಶವರಿನೊಳಗಿಂದ ಒಂದು ಕಪ್ಪೆ ತಲೆ ಹೊರಗೆ ಹಾಕಿ, 'ನಿಮ್ಮಣ್ಣ ಇನ್ನೂ ಉಂಡಿಲ್ಲ, ನೀನೇ ಮೇಲೆ'... ಭಾವ, ಮೆಟ್ಟಿಲು ಒದ್ದೆ ಇದೆ, ನಿಧಾನ... ಭಾವ, ಕಪ್ಪೆ ಏನಂತು ಅಂದ್ರೆ..."